ಬಂದವರು ಬಿಡಾರ ಹೂಡಲಿ

ಮೈಸೂರಿನಲ್ಲಿ ಸಂಗೀತದ ಮಾತೆತ್ತಿದರೆ ಎರಡು ವಾಕ್ಯಗಳು ತಪ್ಪದೆ ಕೇಳಿಬರುತ್ತವೆ. ಅರಮನೆಯ ಕಾಲದಲ್ಲಿ ಎಂಥೆಂಥವರು ಬಂದು ಹಾಡಿ ಹೋದರು ಎಂಬುದು ಒಂದು. ಈಗಿನ ಹುಡುಗರಿಗೆ ಯುವ ದಸರಾ ಇದ್ದರೆ ಸಾಕು, ರಾಗ ಯಾರಿಗೆ ಬೇಕು ಎಂಬುದು ಇನ್ನೊಂದು. ಎರಡನ್ನೂ ನಾನೇ ಎಷ್ಟೋ ಸಲ ಆಡಿದ್ದೇನೆ. ಈಗ ಎರಡೂ ತಪ್ಪು ಅನ್ನಿಸುತ್ತಿದೆ. ಪ್ರತಿ ವರ್ಷ ಹೊರಗಿನ ಕಲಾವಿದರನ್ನು ಕರೆಸಿ ಕಚೇರಿಗಳ ಸಾಲು ಏರ್ಪಡಿಸುವ ನಮ್ಮ ವಿಶ್ವವಿದ್ಯಾನಿಲಯಗಳು ಎಡವುತ್ತಿರುವುದೂ ಈ ಎರಡು ವಾಕ್ಯಗಳನ್ನು ನಂಬಿಯೇ.

ಮೊದಲನೆಯದನ್ನೇ ನೋಡೋಣ. ‘ಬಂದು ಹಾಡಿ ಹೋದರು’ ಎನ್ನುವಾಗ ನಾವು ‘ಹಾಡಿ’ಯ ಮೇಲೆ ಒತ್ತು ಹಾಕುತ್ತೇವೆ. ದಸರಾ ದರ್ಬಾರು, ಜೋಡಿ ಶಾಲು, ಮಹಾರಾಜರ ಕೈಯಿಂದ ಖಿಲ್ಲತ್ತು, ಫಯಾಜ್ ಖಾನರಿಗೆ ಮೈಸೂರು ಕೊಟ್ಟ ‘ಅಫ್ತಾಬ್-ಎ-ಮೌಸಿಖಿ’ ಬಿರುದು, ಎಲ್ಲವೂ ನಮ್ಮ ನೆನಪಿನಲ್ಲಿ ಆ ಒಂದು ಸಂಜೆಯ ಸುತ್ತಲೇ ಇವೆ. ಆದರೆ ಮೈಸೂರು ಸಂಗೀತದ ಊರಾದದ್ದು ಆ ಸಂಜೆಗಳಿಂದ ಎಂದು ನನಗೆ ಅನ್ನಿಸುವುದಿಲ್ಲ. ಬಂದ ಕಲಾವಿದ ಎರಡು ಸಂಜೆಗಳ ನಡುವೆ ಇಲ್ಲೇ ಉಳಿದ. ಬೆಳಗ್ಗೆ ತಂಬೂರಿ ಶ್ರುತಿ ಮಾಡಿ ಕೂತ, ಊರಿನ ವಿದ್ವಾಂಸರ ಮನೆಗೆ ಹೋದ, ಅವರದನ್ನು ಕೇಳಿದ, ತನ್ನದನ್ನು ಕೇಳಿಸಿದ. ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಚಾರ್ಯರು ಅದಕ್ಕೆ ‘ನಾ ಕೇಳಿದ’ ಎಂದು ಹೆಸರಿಡಲಿಲ್ಲ, ‘ನಾ ಕಂಡ’ ಎಂದರು. ವೇದಿಕೆಯ ಮೇಲಿನವರನ್ನು ಕೇಳಿದರೆ ಮುಗಿಯಿತು. ಕಾಣುವುದಕ್ಕೆ ಅವರು ವೇದಿಕೆಯಿಂದ ಇಳಿದು ನಮ್ಮ ನಡುವೆ ನಾಲ್ಕು ದಿನ ಇರಬೇಕು.

ಅಬ್ದುಲ್ ಕರೀಂ ಖಾನರ ಉದಾಹರಣೆ ಎಲ್ಲರಿಗೂ ಗೊತ್ತು, ಆದರೆ ಅದರಿಂದ ತೆಗೆಯಬೇಕಾದ ಅರ್ಥವನ್ನು ನಾವು ತೆಗೆದಿಲ್ಲ. ಮೈಸೂರು ದರ್ಬಾರಿಗೆ ಮತ್ತೆ ಮತ್ತೆ ಬಂದು ಹೋಗುತ್ತಿದ್ದ ಈ ಕಿರಾಣಾ ಘರಾಣೆಯ ಗಾಯಕ ಇಲ್ಲಿಂದ ಸಂಭಾವನೆಯನ್ನಷ್ಟೇ ಕಟ್ಟಿಕೊಂಡು ಹೋಗಲಿಲ್ಲ. ಕರ್ನಾಟಕ ಸಂಗೀತದ ಸ್ವರಪ್ರಸ್ತಾರದ ಬೆಳಕು ಅವರ ಸರ್ಗಮ್‌ನಲ್ಲಿ ಬಿದ್ದಿದೆ ಎಂಬುದನ್ನು ಬಲ್ಲವರು ಒಪ್ಪುತ್ತಾರೆ. ತ್ಯಾಗರಾಜರ ಖರಹರಪ್ರಿಯದ ಕೃತಿಯೊಂದನ್ನು ಅವರು ಧ್ವನಿಮುದ್ರಿಕೆಗೇ ಹಾಡಿದ್ದಾರೆ. ಇನ್ನು ಮೈಸೂರಿನ ದಾರಿಯಲ್ಲಿ ಅವರು ಧಾರವಾಡದ ಸೀಮೆಯಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯನಾಗಿ ಸವಾಯಿ ಗಂಧರ್ವರಾದರು. ಆ ಸವಾಯಿ ಗಂಧರ್ವರ ಬಳಿ ಪಾಠಕ್ಕೆ ಹುಬ್ಬಳ್ಳಿಯಿಂದ ರೈಲು ಹಿಡಿದು ಬರುತ್ತಿದ್ದವರು ಗಂಗೂಬಾಯಿ ಹಾನಗಲ್. ಇವತ್ತು ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾನಿಲಯಕ್ಕೆ ಇರುವುದು ಅದೇ ಗಂಗೂಬಾಯಿಯವರ ಹೆಸರು. ಒಬ್ಬ ಅತಿಥಿ ಗಾಯಕ ದಾರಿಯಲ್ಲಿ ತಂಗಿದ್ದಕ್ಕೆ ಸಿಕ್ಕ ಫಲ ಇದು. ಕಚೇರಿ ಮುಗಿದ ರಾತ್ರಿಯೇ ಖಾನರು ಊರು ಬಿಟ್ಟು, ದಾರಿಯಲ್ಲೂ ಎಲ್ಲೂ ನಿಲ್ಲದೆ ಮಿರಜಿಗೆ ಹೋಗಿಬಿಟ್ಟಿದ್ದರೆ?

ಅರಮನೆಯನ್ನು ಹೊಗಳಿ ಕೈತೊಳೆದುಕೊಳ್ಳುವವನು ನಾನಲ್ಲ. ನನ್ನ ವಾದಕ್ಕೇ ಎದುರು ನಿಲ್ಲುವ ಒಂದು ಜೀವ ಇದೆ: ಗೌಹರ್ ಜಾನ್. 1902ರಲ್ಲಿ ಗ್ರಾಮಾಫೋನಿಗೆ ಹಾಡಿ ದೇಶಕ್ಕೆಲ್ಲ ಪರಿಚಿತರಾದ ಈ ಗಾಯಕಿಯನ್ನು 1928ರ ಆಗಸ್ಟ್‌ನಲ್ಲಿ ಮೈಸೂರು ಅರಮನೆ ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ನೇಮಿಸಿಕೊಂಡಿತು. ಅವರು ಬಂದರು, ಉಳಿದರು, 1930ರ ಜನವರಿ 17ರಂದು ಇಲ್ಲಿಯೇ ತೀರಿಕೊಂಡರು. ಹೆಸರಿಸಬಹುದಾದ ಶಿಷ್ಯಪರಂಪರೆಯೊಂದು ಅವರಿಂದ ಮೈಸೂರಿಗೆ ದಕ್ಕಲಿಲ್ಲ. ಎಂದರೆ ಉಳಿಸಿಕೊಂಡರಷ್ಟೇ ಸಾಲದು. ಉಳಿದವರ ಎದುರು ಕೂತು ಕಲಿಯುವವರು ಬೇಕು, ಕಲಿಯುವವರನ್ನು ಕೂರಿಸುವ ಸಂಸ್ಥೆ ಬೇಕು. ಅರಮನೆ ಸಂಬಳ ಕೊಡಬಲ್ಲದಾಗಿತ್ತು, ತರಗತಿ ಅದರ ಕೆಲಸವಾಗಿರಲಿಲ್ಲ. ಆ ಕೆಲಸ ಮಾಡಬೇಕಾದ ಮೈಸೂರು ವಿಶ್ವವಿದ್ಯಾನಿಲಯ ಅದೇ ಊರಿನಲ್ಲಿ 1916ರಲ್ಲೇ ಹುಟ್ಟಿತ್ತು. ಆದರೆ ಅದರಡಿ ಸಂಗೀತ ನೃತ್ಯ ಕಾಲೇಜು ಶುರುವಾದದ್ದು 1965ರಲ್ಲಿ, ವಿ. ರಾಮರತ್ನಂ ಮೊದಲ ಪ್ರಾಂಶುಪಾಲರಾಗಿ. ಅರ್ಧ ಶತಮಾನದ ಆ ಅಂತರವನ್ನು ನಮ್ಮ ‘ಸಾಂಸ್ಕೃತಿಕ ರಾಜಧಾನಿ’ಯ ಕಥನ ಮುಟ್ಟುವುದೇ ಇಲ್ಲ.

ಹಾಗೆಂದು ಆ ಐವತ್ತು ವರ್ಷ ವಿಶ್ವವಿದ್ಯಾನಿಲಯ ಕಿವುಡಾಗಿತ್ತು ಎನ್ನಲಾಗದು. ಅದರ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸುತ್ತಿದ್ದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಗಾಯಕ ಬಿಡಾರಂ ಕೃಷ್ಣಪ್ಪನವರ ಬಳಿ ಸಂಗೀತದ ಪಾಠ ಹೇಳಿಸಿಕೊಂಡವರು. ಮುಂದೆ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳನ್ನು ಸಂಪಾದಿಸಿದ ವಿದ್ವತ್ತು ಬೆಳೆದದ್ದು ಹೀಗೆ ಕಾಲೇಜಿಗೂ ವಿದ್ವಾಂಸರ ಮನೆಗೂ ಓಡಾಡಿಕೊಂಡು. ಅದೇ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಲ್ಲೇ ಚಿಕ್ಕದೊಂದು ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಕೇಂದ್ರ ನಡೆಸಿದರು. ದೇಶದ ಬಾನುಲಿಗೆ ‘ಆಕಾಶವಾಣಿ’ ಎಂಬ ಹೆಸರು ಸಿಕ್ಕಿದ್ದು ಆ ಮನೆಯಿಂದ. ಒಬ್ಬರು ಕಲಾವಿದರ ಮನೆಗೆ ಹೋದರು, ಇನ್ನೊಬ್ಬರು ಕಲಾವಿದರ ದನಿಯನ್ನು ಮನೆಮನೆಗೆ ಕಳಿಸಿದರು. ವೇದಿಕೆ ಕಟ್ಟಿದ್ದು ಇಬ್ಬರಲ್ಲಿ ಯಾರೂ ಅಲ್ಲ.

ಈಗ ನಡೆಯುವುದೇನು? ಕೆಲವು ವರ್ಷಗಳ ಹಿಂದೆ ವಿಶ್ವವಿದ್ಯಾನಿಲಯವೊಂದರ ವಾರ್ಷಿಕ ಕಚೇರಿ ಸರಣಿಗೆ ಹೋಗಿದ್ದೆ. ಗಾಯಕರು ಬೆಂಗಳೂರಿನಿಂದ ಐದು ಗಂಟೆಗೆ ಬಂದರು. ಸ್ವಾಗತ, ದೀಪ, ಪ್ರಾಸ್ತಾವಿಕ, ಹಾರ ಶಾಲು ಎಲ್ಲ ಮುಗಿಯುವಾಗ ಏಳು ದಾಟಿತ್ತು. ತೋಡಿಯ ಆಲಾಪನೆ ಅದ್ಭುತವಾಗಿತ್ತು. ತನಿ ಆವರ್ತನವನ್ನು ಬೇಗ ಮುಗಿಸಿ ಎಂದು ಪಕ್ಕದಿಂದ ಸನ್ನೆ ಹೋಯಿತು. ಮಂಗಳ ಹಾಡಿದ ಮೇಲೆ ಹುಡುಗಿಯೊಬ್ಬಳು ನೋಟುಪುಸ್ತಕ ಹಿಡಿದು ವೇದಿಕೆಯ ಪಕ್ಕ ಕಾದು ನಿಂತಿದ್ದಳು. ಗಾಯಕರು ಅವಳತ್ತ ತಿರುಗಿ ‘ಕೇಳಮ್ಮ’ ಎಂದರು ಕೂಡ. ಅಷ್ಟರಲ್ಲಿ ‘ಸರ್, ಕಾರು ಬಂದಿದೆ’ ಎಂದರು ಯಾರೋ. ಆ ಸಂಜೆಯಲ್ಲಿ ವಿಶ್ವವಿದ್ಯಾನಿಲಯದ ಕೆಲಸ ಎನ್ನಬಹುದಾದದ್ದು ಆ ಹುಡುಗಿಯ ಪ್ರಶ್ನೆಯೊಂದೇ ಆಗಿತ್ತು, ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಒಂದು ಸಂಜೆಯ ಕಚೇರಿ ನಡೆಸಲು ಮೈಸೂರಿಗೆ ವಿಶ್ವವಿದ್ಯಾನಿಲಯವೇ ಬೇಕಿಲ್ಲ. ವಿ.ವಿ. ಮೊಹಲ್ಲಾದ 8ನೇ ಕ್ರಾಸಿನಲ್ಲಿ 1962ರಿಂದ ಗಣೇಶನ ಹಬ್ಬಕ್ಕೆ ಬೀದಿಗೇ ಚಪ್ಪರ ಹಾಕಿ ಅದನ್ನು ಸೊಗಸಾಗಿ ಮಾಡುತ್ತಿದ್ದಾರೆ. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರವಿದೆ, ಕುವೆಂಪುನಗರದಲ್ಲಿ ಗಾನಭಾರತಿಯ ವೀಣೆ ಶೇಷಣ್ಣ ಭವನವಿದೆ. ಸಭೆ ಕೇಳುಗರಿಗಾಗಿ ಇರುವುದು. ಅದು ಕಲಾವಿದರನ್ನು ಒಳ್ಳೆಯದಾಗಿ ಹಾಡಿಸಿ ಗೌರವದಿಂದ ಕಳಿಸಿಕೊಟ್ಟರೆ ಅದರ ಧರ್ಮ ಪೂರೈಸಿತು. ವಿಶ್ವವಿದ್ಯಾನಿಲಯ ಇರುವುದು ಕಲಿಯುವವರಿಗಾಗಿ. ಅದು ಸಭೆಯನ್ನು ಅನುಕರಿಸಿದರೆ ಎರಡನೇ ದರ್ಜೆಯ ಸಭೆಯಾಗುತ್ತದೆ, ಹೆಚ್ಚೇನೂ ಆಗುವುದಿಲ್ಲ.

ಎರಡನೆಯ ವಾಕ್ಯಕ್ಕೆ ಬರುತ್ತೇನೆ. ರಸಿಕರಿಗೆ ಸಿಟ್ಟು ಬರುವ ಜಾಗ ಇದೇ ಎಂದು ಗೊತ್ತಿದೆ. ದಸರಾಕ್ಕೆ ಮುಂಚೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮ ಗದ್ದಲದ ಜಾತ್ರೆ, ವಿಶ್ವವಿದ್ಯಾನಿಲಯದ ಅಂಗಳಕ್ಕೆ ತಕ್ಕದ್ದಲ್ಲ ಎಂಬುದು ನಮ್ಮ ನಡುವಿನ ಒಮ್ಮತ. ನಾನು ಒಪ್ಪುವುದಿಲ್ಲ. ಅಲ್ಲಿ ವೇದಿಕೆ ಹತ್ತುವವರು ಕಾಲೇಜುಗಳ ವಿದ್ಯಾರ್ಥಿಗಳೇ. ಕೆಲವು ನಿಮಿಷದ ಪ್ರದರ್ಶನಕ್ಕೆ ವಾರಗಟ್ಟಲೆ ತಾಲೀಮು ಮಾಡಿರುತ್ತಾರೆ. ಒಟ್ಟಿಗೆ ಕೂಡಿ, ತಪ್ಪಿ, ತಿದ್ದಿಕೊಂಡು, ಮತ್ತೆ ಮಾಡುವ ಆ ದಿನಗಳಲ್ಲಿ ಹಳೆಯ ಮೈಸೂರಿನ ಗುಣ ಒಂದಿಷ್ಟು ಇದೆ, ನಾವು ಹೊಗಳುವ ಸಭಾಂಗಣದ ಮೆತ್ತನೆಯ ಕುರ್ಚಿಯಲ್ಲಿ ಅದಿಲ್ಲ. ಅದರ ಕೊರತೆಯನ್ನೂ ಮುಚ್ಚಿಡುವುದಿಲ್ಲ. ಬಹುಪಾಲು ತಂಡಗಳು ಕುಣಿಯುವುದು ಧ್ವನಿಮುದ್ರಿತ ಹಾಡಿಗೆ. ಎದೆ ನಡುಗಿಸುವ ಆ ಸ್ಪೀಕರುಗಳ ಮುಂದೆ ಜೀವಂತ ವಾದ್ಯವೊಂದನ್ನು ನುಡಿಸುವ ಹುಡುಗ ಅಪರೂಪ. ಆ ಹುಡುಗರಿಗೆ ಒಬ್ಬ ಮೃದಂಗ ವಿದ್ವಾಂಸರನ್ನೋ ಡೊಳ್ಳಿನ ಗುರುವನ್ನೋ ಹದಿನೈದು ದಿನ ಜೊತೆಗೆ ಕೊಟ್ಟಿದ್ದರೆ ಆಗುತ್ತಿದ್ದ ಕೆಲಸವನ್ನು ಮಾಡದೆ, ಅವರ ಅಭಿರುಚಿಯನ್ನು ಬೈಯುವುದು ನ್ಯಾಯವಲ್ಲ.

ಸಿನಿಮಾ ಹಾಡುಗಳೇ ಮೆರೆಯುವ ಯುವ ದಸರಾದ ಕತೆ ಬೇರೆ. ಅದು ವರ್ಷಗಟ್ಟಲೆ ವಿಶ್ವವಿದ್ಯಾನಿಲಯದ ಮಹಾರಾಜಾ ಕಾಲೇಜು ಮೈದಾನದಲ್ಲಿ ನಡೆದು 2024ರಲ್ಲಿ ಉತ್ತನಹಳ್ಳಿಗೆ ಹೋಯಿತು. ಆ ವರ್ಷ ಇಳಯರಾಜಾ, ಎ.ಆರ್. ರೆಹಮಾನ್ ಇಬ್ಬರೂ ಬಂದರು. ಇಳಯರಾಜಾ ಪಾಶ್ಚಾತ್ಯ ಸ್ವರಮೇಳವನ್ನೂ ಕರ್ನಾಟಕ ರಾಗವನ್ನೂ ಕಾಗದದ ಮೇಲೆ ಕೂಡಿಸಿ ಬರೆಯುವವರು. ಸಂಗೀತದ ವಿದ್ಯಾರ್ಥಿಗೆ ಅವರ ಒಂದು ಹಾಳೆ ನೋಡುವುದು ಒಂದು ಸೆಮಿಸ್ಟರಿಗೆ ಸಮ. ಅಂಥವರು ಊರಿಗೆ ಬಂದಾಗ ವಿಶ್ವವಿದ್ಯಾನಿಲಯ ಕೇಳಬೇಕಾದದ್ದು ಮುಂದಿನ ಸಾಲಿನ ಪಾಸುಗಳನ್ನಲ್ಲ, ಒಂದು ಬೆಳಗ್ಗೆಯನ್ನು. ಸಿನಿಮಾ ಸಂಗೀತವನ್ನು ದೂರುವ ನಮಗೆ ಅದರೊಳಗಿನ ವಿದ್ಯೆಯನ್ನು ಕೇಳಿ ಪಡೆಯುವ ಮನಸ್ಸು ಇರಲಿಲ್ಲ.

ಬಂದ ಕಲಾವಿದರನ್ನು ಕೆಲವು ದಿನ ಉಳಿಸಿಕೊಳ್ಳಿ ಎಂದರೆ, ಗುರುಶಿಷ್ಯ ಪರಂಪರೆಯ ವಿದ್ಯೆ ಮೂರು ದಿನದ ವಾಸ್ತವ್ಯದಲ್ಲಿ ಬರುತ್ತದೆಯೇ ಎಂದು ಆಕ್ಷೇಪಿಸುವವರಿದ್ದಾರೆ. ಬರುವುದಿಲ್ಲ. ಆದರೆ ದೊಡ್ಡ ಕಲಾವಿದ ಶ್ರುತಿ ಕೂಡಿಸುವಾಗ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ, ತನ್ನದೇ ತಪ್ಪಿಗೆ ಹೇಗೆ ನಿಂತು ಹಿಂದಿರುಗುತ್ತಾನೆ, ಯಾವ ಸಂಗತಿಯನ್ನು ಬೇಕೆಂದೇ ಬಿಡುತ್ತಾನೆ ಎಂಬುದು ಮೂರು ಬೆಳಗ್ಗೆಗಳಲ್ಲಿ ಕಾಣುತ್ತದೆ, ಎಷ್ಟು ಕಚೇರಿ ಕೇಳಿದರೂ ಕಾಣುವುದಿಲ್ಲ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯ ಟಿ. ರಂಗನಾಥನ್, ಟಿ. ವಿಶ್ವನಾಥನ್ ಸೋದರರನ್ನು ಕರೆಸಿ ಉಳಿಸಿಕೊಂಡಿತು. ಅಲ್ಲಿ ಕಲಿತ ಜಾನ್ ಹಿಗಿನ್ಸ್ ನಮ್ಮ ದೇಶದ ರಸಿಕರ ಬಾಯಲ್ಲಿ ಹಿಗಿನ್ಸ್ ಭಾಗವತರಾದರು. ಅಲ್ಲಿ ಈಗಲೂ ನವರಾತ್ರಿ ಉತ್ಸವ ನಡೆಯುತ್ತದೆ. ನವರಾತ್ರಿಯ ತವರೂರು ನಮ್ಮದು. ಅಷ್ಟು ದೂರವೂ ಹೋಗಬೇಕಿಲ್ಲ, ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಮಲ್ಲಿಕಾರ್ಜುನ ಮನಸೂರರನ್ನೂ ಗಂಗೂಬಾಯಿಯವರನ್ನೂ ತನ್ನ ಅಂಗಳಕ್ಕೆ ಗುರುಗಳನ್ನಾಗಿ ಕರೆತಂದಿತ್ತು.

ದುಡ್ಡಿನ ಮಾತು ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಸರಣಿಯ ಹತ್ತು ಸಂಜೆಗಳನ್ನು ಮೂರಕ್ಕೆ ಇಳಿಸಿದರೆ ವಾಸ್ತವ್ಯದ ಖರ್ಚು ಅದರಲ್ಲೇ ಹುಟ್ಟುತ್ತದೆ.

ಮೈಸೂರು ವಿಶ್ವವಿದ್ಯಾನಿಲಯ, ಸಂಗೀತ ವಿಶ್ವವಿದ್ಯಾನಿಲಯ ಎರಡರಲ್ಲೂ ನನ್ನ ಬೇಡಿಕೆ ಇಷ್ಟೇ. ಮುಂದಿನ ನವರಾತ್ರಿಗೆ ಹತ್ತು ಜನರ ಬದಲು ಮೂವರನ್ನು ಕರೆಯಿರಿ. ಒಬ್ಬರು ಮೈಸೂರು ಬಾನಿಯ ವೈಣಿಕರಿರಲಿ, ಒಬ್ಬರು ಧಾರವಾಡದ ಗಾಯಕಿಯಿರಲಿ, ಒಬ್ಬರು ಮಲೆ ಮಹದೇಶ್ವರನ ಕಾವ್ಯ ಹಾಡುವ ಕಂಸಾಳೆಯವರಿರಲಿ. ಅತಿಥಿಗೃಹದಲ್ಲಿ ಅವರಿಗೆ ಒಂದು ವಾರದ ಬಿಡಾರ ಕೊಡಿ. ಪ್ರತಿದಿನ ಬೆಳಗ್ಗೆ ಏಳಕ್ಕೆ ತರಗತಿಯ ಬಾಗಿಲು ತೆರೆಯಿರಿ, ಆಡಿದ್ದನ್ನೂ ಹಾಡಿದ್ದನ್ನೂ ಧ್ವನಿಮುದ್ರಿಸಿ ಗ್ರಂಥಾಲಯದಲ್ಲಿಡಿ. ಕಚೇರಿಯನ್ನು ಕೊನೆಯ ಸಂಜೆಗೆ ಇಟ್ಟುಕೊಳ್ಳಿ. ನೋಟುಪುಸ್ತಕ ಹಿಡಿದು ಕಾಯುವ ಹುಡುಗಿಗೆ ಮೊದಲ ಸಾಲಿನಲ್ಲಿ ಜಾಗ ಕೊಡಿ, ಕಾರನ್ನು ಮರುದಿನ ತರಿಸಿ.