ಚದುರಂಗರ ಕೀರ್ತಿಯನ್ನು ಅಳೆಯುವ ಸೇರು

ಹುಣಸೂರು ತಾಲೂಕಿನ ಕಲ್ಲಹಳ್ಳಿ ಎಂದೊಡನೆ ನಾಡಿಗೆ ನೆನಪಾಗುವುದು ದೇವರಾಜ ಅರಸು. ಆದರೆ ಆ ಊರು ನಮಗೆ ಕೊಟ್ಟದ್ದು ಒಬ್ಬ ಅರಸರನ್ನಲ್ಲ, ಇಬ್ಬರನ್ನು. ದೇವರಾಜ ಅರಸರು ಹುಟ್ಟಿದ್ದು 1915ರ ಆಗಸ್ಟ್‌ನಲ್ಲಿ. ಕೆಲವೇ ತಿಂಗಳ ನಂತರ, 1916ರ ಜನವರಿಯಲ್ಲಿ, ಸುಬ್ರಹ್ಮಣ್ಯರಾಜೇ ಅರಸರು ಹುಟ್ಟಿದರು. ಕನ್ನಡ ಸಾಹಿತ್ಯಕ್ಕೆ ಅವರು ಚದುರಂಗ. ಒಬ್ಬರು ಉಳುವವನಿಗೆ ಭೂಮಿ ಕೊಡುವ ಕಾನೂನಿಗೆ ಬಲ ತುಂಬಿದರು, ಇನ್ನೊಬ್ಬರು ಉಳುವವರ ಹಳ್ಳಿಗೆ ಕಾದಂಬರಿಯಲ್ಲಿ ಜಾಗ ಕೊಟ್ಟರು. ಮೊದಲನೆಯವರನ್ನು ನಾವು ಮರೆತಿಲ್ಲ. ಎರಡನೆಯವರನ್ನು ಮರೆಯುತ್ತಿದ್ದೇವೆಯೇ ಎಂಬುದು ನಮ್ಮ ಪ್ರಶ್ನೆ.

ಚದುರಂಗರಿಗೆ ಗೌರವ ಸಿಗಲಿಲ್ಲ ಎನ್ನುವಂತಿಲ್ಲ. 'ವೈಶಾಖ' ಕಾದಂಬರಿಗೆ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1994ರಲ್ಲಿ ಮಂಡ್ಯದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆದರೆ ಹಾರ ತುರಾಯಿಗಳು ಓದುಗರನ್ನು ತಂದುಕೊಡುವುದಿಲ್ಲ. 'ಸರ್ವಮಂಗಳಾ', 'ಉಯ್ಯಾಲೆ' ಎಂದರೆ ಬಹುಪಾಲು ಜನರಿಗೆ ಈಗ ನೆನಪಾಗುವುದು ರಾಜ್‌ಕುಮಾರ್ ಮತ್ತು ಕಲ್ಪನಾ ಅಭಿನಯದ ಚಲನಚಿತ್ರಗಳು. 1968ರ 'ಸರ್ವಮಂಗಳಾ'ವನ್ನು ಸ್ವತಃ ಚದುರಂಗರೇ ನಿರ್ದೇಶಿಸಿದರು. ಮರುವರ್ಷ 'ಉಯ್ಯಾಲೆ'ಯನ್ನು ಎನ್. ಲಕ್ಷ್ಮೀನಾರಾಯಣ್ ತೆರೆಗೆ ತಂದರು. ಒಳ್ಳೆಯ ಚಿತ್ರಗಳೇ. ಆದರೆ ಪುಸ್ತಕ ಚಿತ್ರದ ನೆರಳಿಗೆ ಸರಿಯಿತು.

'ಉಯ್ಯಾಲೆ'ಯನ್ನು ಓದುವಾಗ ನಮಗೆ ಫ್ರಾನ್ಸಿನ ಗುಸ್ತಾವ್ ಫ್ಲೊಬೇರ್ ನೆನಪಾಗುತ್ತಾನೆ. ಓದಿನಲ್ಲೇ ಮುಳುಗಿದ ಪ್ರಾಧ್ಯಾಪಕ ಗಂಡ, ಒಂಟಿಯಾದ ಹೆಂಡತಿ, ಮನೆಗೆ ಹತ್ತಿರವಾಗುವ ತರುಣ. ಇದು 'ಮದಾಂ ಬೊವಾರಿ'ಯ ನಕಲಲ್ಲ, ಆದರೆ ನೋವು ಒಂದೇ ಜಾತಿಯದು. ಆ ಕಾದಂಬರಿಗಾಗಿ 1857ರಲ್ಲಿ ಫ್ಲೊಬೇರ್ ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು, ಕೊನೆಗೆ ಬಿಡುಗಡೆಯಾದ. ಅವನೂ ಕಡಿಮೆ ಬರೆದವನು, ಒಂದು ಕಾದಂಬರಿಗೆ ಸುಮಾರು ಐದು ವರ್ಷ ತೆಗೆದುಕೊಂಡವನು. ಚದುರಂಗರೂ ಅವಸರದವರಲ್ಲ. 'ಸರ್ವಮಂಗಳಾ' 1950ರಲ್ಲಿ, 'ಉಯ್ಯಾಲೆ' 1960ರಲ್ಲಿ, 'ವೈಶಾಖ' 1981ರಲ್ಲಿ. ಗಂಟೆ ಹೊಡೆದಂತೆ ಕಾದಂಬರಿಗಳು ಹೊರಬರುತ್ತಿದ್ದ ಕಾಲದಲ್ಲಿ ಇಂಥ ತಾಳ್ಮೆ ಸಣ್ಣ ಮಾತಲ್ಲ.

ಫ್ಲೊಬೇರನ ಕೀರ್ತಿಗೂ ಒಂದು ಕಲೆಯಿದೆ. ಅವನು 1849ರಿಂದ ಕೆಲಕಾಲ ಈಜಿಪ್ಟ್ ಮೊದಲಾದ ಪೂರ್ವದೇಶಗಳನ್ನು ಸುತ್ತಿದ. ಅಲ್ಲಿ ಕಂಡ ಕುಚುಕ್ ಹಾನೆಂ ಎಂಬ ನರ್ತಕಿಯ ಬಗ್ಗೆ ಬರೆದ. ಎಡ್ವರ್ಡ್ ಸೈದ್ 1978ರ ತಮ್ಮ 'ಓರಿಯಂಟಲಿಸಂ' ಗ್ರಂಥದಲ್ಲಿ ಎತ್ತಿದ ಆಕ್ಷೇಪ ನೇರವಾದದ್ದು: ಆಕೆ ಎಲ್ಲಿಯೂ ತನ್ನ ಬಗ್ಗೆ ತಾನೇ ಮಾತನಾಡುವುದಿಲ್ಲ, ಅವಳ ಪರವಾಗಿ ಇವನೇ ಮಾತನಾಡುತ್ತಾನೆ. ತನ್ನ ನಾಡಿನ ಎಮ್ಮಾಳ ಮನಸ್ಸನ್ನು ಎಳೆ ಎಳೆಯಾಗಿ ಬಿಡಿಸಿದ ಲೇಖಕನಿಗೆ ಪರನಾಡಿನ ಹೆಣ್ಣಿಗೂ ಮನಸ್ಸಿದೆ ಎಂಬುದು ಕಾಣಲಿಲ್ಲ. ಇದರಿಂದ 'ಮದಾಂ ಬೊವಾರಿ' ಕಳಪೆಯಾಗುವುದಿಲ್ಲ. ಆದರೆ ಕಾದಂಬರಿಕಾರನನ್ನು ಅಳೆಯುವ ಒಂದು ಸೇರು ನಮ್ಮ ಕೈಗೆ ಸಿಗುತ್ತದೆ: ತನಗಿಂತ ಕೆಳಗೆ ನಿಂತವರಿಗೆ, ತನ್ನವರಲ್ಲದವರಿಗೆ ಅವನು ಬಾಯಿ ಕೊಟ್ಟನೇ?

ಇದೇ ಸೇರಿನಿಂದ ಚದುರಂಗರನ್ನೂ ಅಳೆಯೋಣ. 'ಸರ್ವಮಂಗಳಾ'ದಲ್ಲಿ ಭಾವುಕತೆ ತುಸು ಹೆಚ್ಚು, ಕಣ್ಣೀರು ವಿವೇಕವನ್ನು ತೋಯಿಸಿಬಿಡುತ್ತದೆ. 'ಉಯ್ಯಾಲೆ' ಹದವಾದ ಕೃತಿ, ಆದರೆ ಅದರ ಲೋಕ ಓದಿದವರ ಮನೆಯ ನಾಲ್ಕು ಗೋಡೆಗಳ ನಡುವಿನದು. ಗೋಡೆ ಒಡೆಯುವುದು 'ವೈಶಾಖ'ದಲ್ಲಿ. ರಾಜಮನೆತನದ ನಂಟಿನ ಕುಟುಂಬದಲ್ಲಿ ಹುಟ್ಟಿದವರು ಅಲ್ಲಿ ಹಳ್ಳಿಯ ಜಾತಿ ಕಟ್ಟಳೆಯೊಳಗೆ, ಹೆಣ್ಣಿನ ಪಾಡಿನೊಳಗೆ, ದಲಿತರ ಬದುಕಿನೊಳಗೆ ಇಳಿಯುತ್ತಾರೆ. ಇಳಿಯುವುದು ಪುಸ್ತಕದ ಕನ್ನಡದಲ್ಲಲ್ಲ, ನಮ್ಮ ಸೀಮೆಯ ಆಡುಮಾತಿನಲ್ಲಿ. ಇದನ್ನು ನಾವು ದೊಡ್ಡ ಸಾಧನೆ ಎನ್ನುತ್ತೇವೆ.

ಆಕ್ಷೇಪಗಳಿಲ್ಲವೆಂದಲ್ಲ. ಧಾರವಾಡದ ಅಥವಾ ಕರಾವಳಿಯ ಓದುಗರಿಗೆ ಈ ಮಾತು ತೊಡಕಾಗುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಪಕ್ಕದ ನಂಜನಗೂಡು ಸೀಮೆಯ ದೇವನೂರ ಮಹಾದೇವ 1984ರಲ್ಲಿ 'ಕುಸುಮಬಾಲೆ' ಕೊಟ್ಟ ಮೇಲೆ, ದಲಿತ ಬದುಕನ್ನು ಒಳಗಿನಿಂದ ಬರೆಯುವುದೆಂದರೇನು ಎಂಬುದು ಕನ್ನಡಕ್ಕೆ ತಿಳಿಯಿತು. ಅದರ ಮುಂದೆ 'ವೈಶಾಖ' ಹೊರಗಿನಿಂದ ಬಂದವರ ಅನುಕಂಪದಂತೆ ಕಂಡರೆ ಆಶ್ಚರ್ಯವಿಲ್ಲ. ಈ ಮಾತಿನಲ್ಲಿ ನಿಜವಿದೆ. ಆದರೆ ಮೇಲಿನಿಂದ ಇಳಿದು ಬಂದವರು ಮಾತನ್ನೂ ಕೆಳಗಿನವರದ್ದನ್ನೇ ಕಲಿತರೆಂದರೆ, ಅದು ಬರೀ ಅನುಕಂಪವಲ್ಲ. ಫ್ಲೊಬೇರ್ ಈಜಿಪ್ಟಿನಲ್ಲಿ ಮಾಡದಿದ್ದ ಕೆಲಸವನ್ನು ಚದುರಂಗರು ತಮ್ಮ ಊರಿನಲ್ಲಿ ಮಾಡಿದರು.

ಹುಣಸೂರನ್ನು 'ಉಣಸೂರು' ಎನ್ನುವ ಈ ಮಾತು ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಒಂದು ಜಾತಿಯ ಸ್ವತ್ತಲ್ಲ. ಹೊಗೆಸೊಪ್ಪಿನ ರೈತ, ಗದ್ದೆಯ ಆಳು, ಮನೆಯಲ್ಲಿ ದಖನಿ ಉರ್ದು ಆಡಿ ಸಂತೆಗೆ ಬಂದೊಡನೆ 'ಏನಣ್ಣ, ಒಸಿ ನೋಡ್ಕೊಂಡು ಕೊಡು' ಎನ್ನುವ ಮುಸ್ಲಿಂ ವ್ಯಾಪಾರಿ, ಎಲ್ಲರದ್ದೂ ಇದೇ ಕನ್ನಡ. ನಮ್ಮನ್ನು ಬೇರ್ಪಡಿಸುವ ಮಾತುಗಳೇ ಹೆಚ್ಚು ಕೇಳಿಸುವ ದಿನಗಳಲ್ಲಿ ನಮ್ಮೆಲ್ಲರ ನಾಲಿಗೆಯ ಮೇಲಿರುವ ಮಾತಿಗೆ ಸಾಹಿತ್ಯದ ಮಾನ ತಂದ ಪುಸ್ತಕ ಕಪಾಟಿನಲ್ಲಿ ಧೂಳು ತಿನ್ನಬಾರದು.

1998ರಲ್ಲಿ ಚದುರಂಗರು ತೀರಿಕೊಂಡರು. ಅವರ ಕೀರ್ತಿಯನ್ನು ಪ್ರಶಸ್ತಿ ಸಮಿತಿಗಳು ತೀರ್ಮಾನಿಸಿ ಆಯಿತು. ಇನ್ನು ತೀರ್ಮಾನಿಸಬೇಕಾದವರು ಅವರ ಮಾತನ್ನು ದಿನವೂ ಆಡುತ್ತಿರುವ ಈ ನಾಲ್ಕು ತಾಲೂಕುಗಳ ಓದುಗರು. 'ವೈಶಾಖ'ವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಪಕ್ಕದ ಮನೆಯವರು ಮಾತನಾಡಿದಂತೆ ಕೇಳಿಸಿದರೆ, ಆ ಕೀರ್ತಿ ಸುಳ್ಳಲ್ಲ.