ಬೆಳಗಾಗುವ ಮುಂಚಿನ ಟಿಪ್ಪು

ಟಿಪ್ಪು ಸುಲ್ತಾನನ ಬಗ್ಗೆ ಬಂದಿರುವ ಪುಸ್ತಕಗಳಲ್ಲಿ ಹೆಚ್ಚಿನವು ತೀರ್ಪು ಕೊಡುವ ಪುಸ್ತಕಗಳು. ಬರೆದವರು ಪರವೋ ವಿರೋಧವೋ ಎಂಬುದು ಮೊದಲ ಪುಟದಲ್ಲೇ ತಿಳಿದುಬಿಡುತ್ತದೆ. ಅವನೇ ಪಾರಸಿಯಲ್ಲಿ ತನ್ನ ಕೈಯಾರೆ ಬರೆದಿಟ್ಟ ಕನಸುಗಳ ದಫ್ತರ ಮಾತ್ರ ಓದುಗನನ್ನು ಹಾಗೆ ಒಂದು ಕಡೆಗೆ ನಿಲ್ಲಲು ಬಿಡುವುದಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿದ್ದ ಮೇಲೆ, ಅರಮನೆಯ ಮೇಜೊಂದರಲ್ಲಿ ಗುಟ್ಟಿನ ಕಾಗದಗಳ ನಡುವೆ ಇದು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ಗೆ ಸಿಕ್ಕಿತು. ಸುಲ್ತಾನನಿಗೆ ಆಪ್ತನಾಗಿದ್ದ ಹಬೀಬುಲ್ಲಾನಿಗೆ ಇಂಥದೊಂದು ಇದೆಯೆಂದು ಗೊತ್ತಿತ್ತು, ಆದರೆ ಅವನೂ ಕಣ್ಣಾರೆ ಕಂಡಿರಲಿಲ್ಲ. ಬರೆಯುವಾಗ ಯಾರಾದರೂ ಹತ್ತಿರ ಸುಳಿದರೆ ಟಿಪ್ಪು ಅದನ್ನು ಮರೆಮಾಡುತ್ತಿದ್ದನಂತೆ. ಒಟ್ಟು 37 ಕನಸುಗಳು. ಮಹಮೂದ್ ಹುಸೇನ್ ಮಾಡಿದ ಇಂಗ್ಲಿಷ್ ಅನುವಾದ 1957ರಲ್ಲಿ ಕರಾಚಿಯಲ್ಲಿ ಪ್ರಕಟವಾಯಿತು.

ಸವಣೂರಿನ ಕಡೆ, ದೇವಗಿರಿಯ ಬಳಿ, ಮರಾಠರ ಮೇಲೆ ರಾತ್ರಿ ದಾಳಿಗೆ ಸಿದ್ಧತೆ ನಡೆದಿದ್ದಾಗ ಬಿದ್ದ ಕನಸನ್ನೇ ನೋಡಿ. ಗುರುತಿಲ್ಲದ ಚೆಲುವ ಯುವಕನೊಬ್ಬ ಬಂದು ಪಕ್ಕದಲ್ಲಿ ಕೂರುತ್ತಾನೆ. ಟಿಪ್ಪು ಅವನೊಂದಿಗೆ, ಹೆಣ್ಣಿನೊಂದಿಗೆ ಆಡುವಂತೆ, ತಮಾಷೆಯ ಮಾತಾಡುತ್ತಾನೆ. ಆಡುತ್ತಲೇ, ಹೀಗೆ ಯಾರೊಂದಿಗೂ ಸಲಿಗೆಯಿಂದ ಹರಟುವ ರೂಢಿ ತನಗಿಲ್ಲವಲ್ಲ ಎಂದು ಅಚ್ಚರಿಪಡುತ್ತಾನೆ. ಯುವಕ ಎದ್ದು ನಾಲ್ಕು ಹೆಜ್ಜೆ ನಡೆದು ಪೇಟದೊಳಗಿನ ಕೂದಲು ಬಿಚ್ಚಿದರೆ, ಅವನು ಹೆಣ್ಣು! ಅಷ್ಟರಲ್ಲಿ ಎಚ್ಚರ. ಎದ್ದವನು ಕೂಡಲೇ ಅರ್ಥ ಹಚ್ಚುತ್ತಾನೆ: ಮರಾಠರು ಗಂಡುವೇಷದ ಹೆಂಗಸರು. ಮುಂದೆ ಮರಾಠ ಸೇನಾಪತಿ ಹರಿಪಂತ ಫಡಕೆಯ ಡೇರೆಯವರೆಗೂ ನುಗ್ಗಿದ್ದನ್ನೂ ಅಲ್ಲೇ ಬರೆದುಕೊಳ್ಳುತ್ತಾನೆ.

ಆ ವ್ಯಾಖ್ಯಾನದ ಒರಟುತನ ಇಂದಿನ ಓದಿಗೆ ಸಹ್ಯವಲ್ಲ, ಅದನ್ನು ಮೆತ್ತಗಾಗಿಸುವ ಅಗತ್ಯವೂ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕೂ ಮುಂಚಿನ ಆ ಸಂಕೋಚ. ನಿದ್ದೆಯಲ್ಲೂ ಬಿಗಿ ಸಡಿಲಿಸಲು ಅಂಜುವ, ಸಡಿಲಿಸಿದೆನೇಕೆಂದು ತನ್ನನ್ನೇ ಕೇಳಿಕೊಳ್ಳುವ ಒಂಟಿ ಮನುಷ್ಯ ಅಲ್ಲಿದ್ದಾನೆ. ಬೆಳಗಾದದ್ದೇ ಸೇನಾನಿ ಎದ್ದು ಆ ಕನಸನ್ನೂ ದಂಡಿಗೆ ಸೇರಿಸಿಕೊಳ್ಳುತ್ತಾನೆ.

ಇನ್ನೊಂದು ಕನಸಿನಲ್ಲಿ ಶಿಥಿಲ ದೇಗುಲವೊಂದರ ವಿಗ್ರಹಗಳು ಕಣ್ಣಾಡಿಸುತ್ತವೆ. ಅವುಗಳಲ್ಲಿನ ಎರಡು ಸ್ತ್ರೀವಿಗ್ರಹಗಳಲ್ಲಿ ಒಂದು, ತಾವು ದೇವರನ್ನು ನೆನೆಯುತ್ತಿದ್ದೇವೆ ಎನ್ನುತ್ತದೆ. ಹಾಗೇ ನೆನೆಯುತ್ತಿರಿ ಎಂದು ಹೇಳಿ, ಟಿಪ್ಪು ಕಟ್ಟಡ ದುರಸ್ತಿಗೆ ಅಪ್ಪಣೆ ಕೊಡುತ್ತಾನೆ. ಅಭಿಮಾನಿಗಳು ಇದೊಂದನ್ನೇ ಎತ್ತಿ ಹಿಡಿಯುತ್ತಾರೆ, ವಿರೋಧಿಗಳು ಸವಣೂರಿನದನ್ನು. ಎರಡನ್ನೂ ಬರೆದದ್ದು ಒಂದೇ ಕೈ.

ಗಿರೀಶ ಕಾರ್ನಾಡರ ನಾಟಕ ‘ಟಿಪ್ಪು ಸುಲ್ತಾನ ಕಂಡ ಕನಸು’ ಈ ಬರಹವನ್ನು ಕನ್ನಡದ ರಂಗಕ್ಕೆ ತಂದ ದೊಡ್ಡ ಕೆಲಸ. ಆದರೂ ರಂಗದ ಟಿಪ್ಪು ಪ್ರೇಕ್ಷಕರೆದುರು ಮಾತಾಡಲೇಬೇಕು. ದಫ್ತರದವನು ಯಾರಿಗೂ ಕೇಳದಂತೆ ಬರೆದವನು. ಪ್ರತಿ ಕನಸಿನ ಪಕ್ಕದಲ್ಲಿ ಆ ರಾತ್ರಿ ಅವನ ಬಿಡಾರ ಎಲ್ಲಿತ್ತು, ಎದುರಿಗೆ ಯಾರ ಸೈನ್ಯವಿತ್ತು ಎಂಬ ಟಿಪ್ಪಣಿ ಇರುವ ಕನ್ನಡ ಆವೃತ್ತಿಯೊಂದನ್ನು ಕೈಯಲ್ಲಿ ಹಿಡಿದು ಓದಬೇಕೆಂದು ನನ್ನ ಆಸೆ.