ಸೋಲನ್ನು ಮೊದಲು ಬರೆದ ಸೇನಾನಿ

ಎರಡನೆಯ ಮಹಾಯುದ್ಧದ ಬರ್ಮಾ ರಂಗದಲ್ಲಿ ತನ್ನೆದುರು ನಿಂತಿದ್ದ ಜಪಾನಿ ಸೇನಾಪತಿಗಳ ದೊಡ್ಡ ಕೊರತೆ ಯಾವುದು ಎಂಬ ಪ್ರಶ್ನೆಗೆ ಬ್ರಿಟಿಷ್ ಸೇನಾನಿ ವಿಲಿಯಂ ಸ್ಲಿಮ್ ಕೊಡುವ ಉತ್ತರದಲ್ಲಿ ಮದ್ದುಗುಂಡಿನ ಮಾತಿಲ್ಲ, ವಿಮಾನಗಳ ಮಾತಿಲ್ಲ. ಅವರಿಗೆ ಸಾಯುವ ಧೈರ್ಯ ಬೇಕಾದಷ್ಟಿತ್ತು, ತಪ್ಪೊಪ್ಪಿಕೊಳ್ಳುವ ಧೈರ್ಯ ಇರಲಿಲ್ಲ ಎನ್ನುತ್ತಾರೆ ಸ್ಲಿಮ್. ಹಾಕಿದ ಲೆಕ್ಕ ಕೆಟ್ಟಿದೆ, ಬೇರೆ ದಾರಿ ಹುಡುಕಬೇಕು ಎಂದು ಮೇಲಿನವರಿಗೆ ಹೇಳಲಾರದೆ, ಕೆಟ್ಟ ಲೆಕ್ಕಕ್ಕೇ ಸಾವಿರಾರು ಸೈನಿಕರನ್ನು ಬಲಿಕೊಟ್ಟರು ಎಂಬುದು ಅವರ ತೀರ್ಮಾನ. 1956ರಲ್ಲಿ ಬಂದ ಅವರ ‘ಡಿಫೀಟ್ ಇನ್‌ಟು ವಿಕ್ಟರಿ’ ಎಂಬ ಯುದ್ಧಸ್ಮೃತಿಗೆ ಈ ಮಾತೇ ಬೀಗದ ಕೈ ಎಂದು ನನಗನ್ನಿಸುತ್ತದೆ. ಶತ್ರುವನ್ನು ಅಳೆಯಲು ಹಿಡಿದ ಕೋಲಿನಿಂದ ಸ್ಲಿಮ್ ಮೊದಲು ತನ್ನನ್ನೇ ಅಳೆದುಕೊಂಡರು. ಪುಸ್ತಕದ ಹಿರಿಮೆ ಅಲ್ಲಿದೆ. ಆ ಕೋಲು ಎಲ್ಲೆಲ್ಲಿ ಕೈಜಾರಿತು ಎಂದು ನೋಡಿದರೆ ಅದರ ಮಿತಿಯೂ ತಿಳಿಯುತ್ತದೆ.

ಸ್ಲಿಮ್ ಸಿರಿವಂತರ ಮನೆಯಿಂದ ಬಂದವರಲ್ಲ. 1891ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳೆದು, ಶಾಲೆಯಲ್ಲಿ ಮಾಸ್ತರಿಕೆ, ಕಂಪನಿಯಲ್ಲಿ ಗುಮಾಸ್ತಿಕೆ ಮಾಡಿ, ಮೊದಲ ಮಹಾಯುದ್ಧದ ಮೂಲಕ ಸೇನೆ ಸೇರಿದವರು. ಗೂರ್ಖಾ ಪಡೆಯಲ್ಲಿದ್ದು ಸಿಪಾಯಿಗಳೊಡನೆ ಅವರ ನುಡಿಯಲ್ಲೇ ಮಾತಾಡುವುದನ್ನು ಕಲಿತರು. ಸಂಬಳ ಸಾಲದೆ ಗುಪ್ತನಾಮದಲ್ಲಿ ಪತ್ರಿಕೆಗಳಿಗೆ ಕಥೆ ಬರೆದರು. ಹೀಗೆ ಪಳಗಿದ ಕೈ ಈ ಪುಸ್ತಕದ ಪುಟಪುಟದಲ್ಲೂ ಕಾಣುತ್ತದೆ. ವಾಕ್ಯಗಳು ಚಿಕ್ಕವು, ನೇರವಾದವು. ನಕ್ಷೆ ಬಿಡಿಸುವಾಗಲೂ ಬಿಸಿಲು, ಧೂಳು, ನೀರಡಿಕೆಗಳನ್ನು ಅವರು ಮರೆಯುವುದಿಲ್ಲ.

ಮೊದಲ ಭಾಗವೆಲ್ಲ ಸೋಲಿನ ಕಥೆ. 1942ರ ಮಾರ್ಚ್‌ನಲ್ಲಿ ಸ್ಲಿಮ್ ಬರ್ಮಾ ಕೋರ್‌ನ ಹೊಣೆ ಹೊರುವಷ್ಟರಲ್ಲಿ ಸಿಟ್ಟಾಂಗ್ ನದಿಯ ಸೇತುವೆ ಸಿಡಿದುಹೋಗಿತ್ತು, ರಂಗೂನ್ ಬಿದ್ದಿತ್ತು. ಅಲ್ಲಿಂದ ಇಂಫಾಲದವರೆಗೆ ಸುಮಾರು 900 ಮೈಲಿ ಹಿಂದೆ ಸರಿದದ್ದು ಬ್ರಿಟಿಷ್ ಸೇನೆಯ ಚರಿತ್ರೆಯಲ್ಲೇ ಅತಿ ಉದ್ದದ ಹಿನ್ನಡೆ. ಏಪ್ರಿಲ್ ಬಿಸಿಲಲ್ಲಿ ಯೆನಾಂಗ್ಯಾಂಗ್‌ನ ಎಣ್ಣೆ ಬಾವಿಗಳಿಗೆ ತಾವೇ ಬೆಂಕಿಯಿಟ್ಟು, ಅದೇ ಹೊಗೆಯ ನಡುವೆ ನೀರಿಲ್ಲದೆ ಸಿಕ್ಕಿಬಿದ್ದ ಡಿವಿಷನ್ನಿನ ಚಿತ್ರವನ್ನು ಓದಿದವರು ಮರೆಯಲಾರರು. ಆಗ ನೆರವಿಗೆ ಬಂದ ಚೀನೀ ಸೇನಾಪತಿ ಸುನ್ ಲಿಜೆನ್ನರ ಕೈಕೆಳಗೆ ಬ್ರಿಟಿಷ್ ಟ್ಯಾಂಕುಗಳನ್ನು ಸ್ಲಿಮ್ ಒಪ್ಪಿಸಿದರು. ಅಂದಿನ ಬಿಳಿಯ ಅಧಿಕಾರಿಗಳ ಠೇಂಕಾರ ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ. ಮಳೆಗಾಲದ ಹೊಸ್ತಿಲಲ್ಲಿ ಗಡಿ ದಾಟಿ ಬಂದ ಸೈನಿಕರು ಹರಕು ಬಟ್ಟೆಯ ಎಲುಬುಗೂಡುಗಳಾಗಿದ್ದರು, ಆದರೂ ಕೈಯಲ್ಲಿ ಬಂದೂಕಿತ್ತು, ಸಾಲು ಕದಲಿರಲಿಲ್ಲ. ಅವರನ್ನು ಸೂರಿಲ್ಲದ ಬಯಲಲ್ಲಿ, ಬೈಗುಳದೊಂದಿಗೆ ಬರಮಾಡಿಕೊಂಡ ಬಗೆಯನ್ನು ಬರೆಯುವಾಗ ಮಾತ್ರ ಸ್ಲಿಮ್ಮರ ಸಿಟ್ಟು ಮೇಲೇಳುತ್ತದೆ. ಆ ಭಾಗದ ಕೊನೆಯಲ್ಲಿ ತನ್ನ ನಾಯಕತ್ವದ ಲೆಕ್ಕ ತೆಗೆದು, ಹೆಮ್ಮೆಪಡುವಂಥದ್ದು ಹೆಚ್ಚೇನಿಲ್ಲ ಎಂದು ತೀರ್ಪು ಕೊಡುತ್ತಾರೆ. ಕಾರಣಗಳು ಬೇಕಾದಷ್ಟಿದ್ದವು, ಅವುಗಳ ಹಿಂದೆ ಅವಿತುಕೊಳ್ಳುವುದಿಲ್ಲ.

ಎರಡನೆಯ ಘಟ್ಟ ದುರಸ್ತಿಯದು. ನನ್ನ ಮಟ್ಟಿಗೆ ಪುಸ್ತಕದ ಅತ್ಯಂತ ಬೆಲೆಯುಳ್ಳ ಪುಟಗಳಿವು. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಸಾಗಿಸಿದ ಒಬ್ಬ ಸೈನಿಕನಿಗೆ 120 ಮಂದಿ ಕಾಯಿಲೆ ಬಿದ್ದವರಿದ್ದರು. ವರ್ಷವೊಂದರಲ್ಲಿ ಮಲೇರಿಯಾ ಒಂದೇ ಸೇನೆಯ ನೂರಕ್ಕೆ 84ರಷ್ಟು ಬಲವನ್ನು ನುಂಗುತ್ತಿತ್ತು. ಅದನ್ನು ತಡೆಯುವ ಮೆಪಾಕ್ರಿನ್ ಮಾತ್ರೆಯಿತ್ತು, ನುಂಗುವವರಿರಲಿಲ್ಲ. ಸ್ಲಿಮ್ ಮುನ್ಸೂಚನೆಯಿಲ್ಲದೆ ಪಡೆಗಳ ರಕ್ತಪರೀಕ್ಷೆ ಮಾಡಿಸಿದರು. ಕನಿಷ್ಠ ನೂರಕ್ಕೆ 95 ಮಂದಿಯ ರಕ್ತದಲ್ಲಿ ಔಷಧದ ಗುರುತು ಸಿಗದಿದ್ದರೆ ಆ ಪಡೆಯ ಕಮಾಂಡರನ ಹುದ್ದೆ ಹೋಯಿತು. ಮೂವರನ್ನು ತೆಗೆಯುವಷ್ಟರಲ್ಲಿ ಉಳಿದವರಿಗೆ ಬುದ್ಧಿ ಬಂತು. ಪ್ಯಾರಾಚೂಟಿಗೆ ರೇಷ್ಮೆ ಸಿಗದಾಗ ಕಲ್ಕತ್ತೆಯ ಗಿರಣಿಗಳ ಸೆಣಬಿನಲ್ಲೇ ಪ್ಯಾರಾಚೂಟು ಹೊಲಿಸಿದರು. ರಸ್ತೆಯ ಮಣ್ಣು ಕೆಸರಾಗದಂತೆ ಗೋಣಿ ಬಟ್ಟೆಯನ್ನು ಡಾಂಬರಿನಲ್ಲಿ ಅದ್ದಿ ಹಾಸಿದರು. ಯುದ್ಧವೆಂದರೆ ಕತ್ತಿಯ ಮಿಂಚು ಎಂದು ನಂಬಿಸುವ ಪುಸ್ತಕಗಳ ನಡುವೆ, ಅದು ಮಾತ್ರೆ, ಅಕ್ಕಿ, ಹೇಸರಗತ್ತೆ, ರಸ್ತೆಗಳ ಲೆಕ್ಕವೂ ಹೌದು ಎಂದು ಇಷ್ಟು ಚೆನ್ನಾಗಿ ತಿಳಿಸಿಕೊಟ್ಟ ಪುಸ್ತಕ ಅಪರೂಪ.

1944ರ ಇಂಫಾಲ–ಕೊಹಿಮಾ ಕಾಳಗದಲ್ಲಿ ಅಳತೆಗೋಲು ಮತ್ತೆ ಬರಹಗಾರನ ಕಡೆಗೇ ತಿರುಗುತ್ತದೆ. ಜಪಾನಿ ಸೇನಾಪತಿ ಮುತಾಗುಚಿಯ ಸೇನೆ ಗಡಿ ದಾಟುತ್ತದೆಂದು ಸ್ಲಿಮ್ಮರಿಗೆ ಮೊದಲೇ ಗೊತ್ತಿತ್ತು. ಶತ್ರುವನ್ನು ಇಂಫಾಲದ ಬಯಲಿಗೆ ಬಿಟ್ಟುಕೊಂಡು ಅಲ್ಲಿ ಮುರಿಯುವುದು ಅವರ ಉಪಾಯ. ಆದರೆ ಮುಂದಿದ್ದ ಡಿವಿಷನ್ನುಗಳು ಯಾವಾಗ ಹಿಂದೆ ಸರಿಯಬೇಕೆಂಬ ನಿರ್ಧಾರವನ್ನು ಕೆಳಗಿನವರಿಗೆ ಬಿಟ್ಟರು. ಅದು ತಡವಾಯಿತು. ಕೊಹಿಮಾದ ಕಡೆ ಬೆಟ್ಟಕಾಡು ದಾಟಿ ಒಂದು ರೆಜಿಮೆಂಟಿಗಿಂತ ಹೆಚ್ಚು ಬರಲಾರದೆಂದು ಎಣಿಸಿದ್ದರು. ಮುತಾಗುಚಿಯ ಕೈಕೆಳಗಿನ ಸೇನಾಪತಿ ಸಾತೋನ ಇಡೀ ಡಿವಿಷನ್ ಬಂತು. ಏಪ್ರಿಲ್‌ನಲ್ಲಿ ಡೆಪ್ಯುಟಿ ಕಮಿಷನರರ ಬಂಗಲೆಯ ಟೆನಿಸ್ ಅಂಗಳದ ಆಚೆ–ಈಚೆ ಕೂತು ಎರಡೂ ಕಡೆಯವರು ಕೈಬಾಂಬು ಎಸೆದುಕೊಳ್ಳುವ ಸ್ಥಿತಿ ಬಂದದ್ದು ಈ ಎಣಿಕೆ ತಪ್ಪಿದ್ದರಿಂದ. ಎರಡೂ ತಪ್ಪು ತನ್ನದೇ, ತನ್ನನ್ನು ಉಳಿಸಿದ್ದು ಸೈನಿಕರ ಕೆಚ್ಚು ಎಂದು ಸ್ಲಿಮ್ ಸ್ಪಷ್ಟವಾಗಿ ಬರೆಯುತ್ತಾರೆ. ಗೆದ್ದ ಮೇಲೆ ತಪ್ಪೊಪ್ಪುವುದು ಸುಲಭವಲ್ಲವೇ ಎಂದು ಯಾರಾದರೂ ಕೇಳಬಹುದು. ಗೆದ್ದವರ ಆತ್ಮಕಥೆಗಳನ್ನು ಸಾಲಾಗಿ ಓದಿದರೆ ಅದೂ ಸುಲಭವಲ್ಲವೆಂದು ತಿಳಿಯುತ್ತದೆ. 1962ರ ಚೀನಾ ಯುದ್ಧದ ಸೋಲನ್ನು ಬ್ರಿಗೇಡಿಯರ್ ದಳವಿಯವರ ‘ಹಿಮಾಲಯನ್ ಬ್ಲಂಡರ್’ ಮೂಲಕ, ರವಿ ಬೆಳಗೆರೆಯವರ ಕನ್ನಡದಲ್ಲಿ ಓದಿರುವ ನಮಗೆ, ಮೇಲಿನವರ ತಪ್ಪಿಗೆ ಕೆಳಗಿನವರು ತೆತ್ತ ಬೆಲೆ ಗೊತ್ತಿದೆ. ಸ್ಲಿಮ್ಮರಲ್ಲಿ ಮೇಲಿನವನೇ ಎದ್ದು ನಿಂತು ತಪ್ಪು ನನ್ನದು ಎನ್ನುತ್ತಾನೆ.

1945ರಲ್ಲಿ ಮಂಡಾಲೆಯ ಮೇಲೇ ಕಣ್ಣಿರುವಂತೆ ತೋರಿಸಿ, ಒಂದು ಇಡೀ ಕೋರನ್ನು ಕಾಡಿನ ಕಣಿವೆಯಲ್ಲಿ ಗುಟ್ಟಾಗಿ ನಡೆಸಿ, ಐರಾವತಿ ದಾಟಿಸಿ, ಶತ್ರುವಿನ ಬೆನ್ನಿಗಿದ್ದ ಮೆಯಿಕ್ಟಿಲಾವನ್ನು ಮಾರ್ಚ್‌ನಲ್ಲಿ ಹಿಡಿದ ಕಥೆಯನ್ನು ಯುದ್ಧಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅದನ್ನು ಇಲ್ಲಿ ವಿವರಿಸುವುದಕ್ಕಿಂತ ಪುಸ್ತಕದ ಕುಂದುಗಳ ಕಡೆ ಹೊರಳುತ್ತೇನೆ.

ಮೊದಲನೆಯದು ಜಪಾನಿ ಸೈನಿಕನ ಚಿತ್ರ. ಕೊನೆಯ ಗುಂಡು, ಕೊನೆಯ ಉಸಿರಿನವರೆಗೆ ಕಾದಾಡಿದ ಆ ಸೈನಿಕನನ್ನು ಸ್ಲಿಮ್ ಮನಸಾರೆ ಮೆಚ್ಚುತ್ತಾರೆ. ಆದರೆ ಅವನನ್ನು ಕಾಣಿಸಲು ಹುಡುಕುವ ಹೋಲಿಕೆ ಇರುವೆಯದು: ಸಾಲಾಗಿ ಬರುವ, ಹೆದರದ, ದಾರಿ ಕೆಡಿಸಿದರೆ ದಿಕ್ಕು ತಪ್ಪುವ ಇರುವೆ. ಈ ಕಹಿಗೆ ಕಾರಣವಿತ್ತು. 1944ರ ಫೆಬ್ರವರಿಯಲ್ಲಿ ಬರ್ಮಾದ ಅರಾಕಾನಿನಲ್ಲಿ ಜಪಾನಿ ಪಡೆ ಆಸ್ಪತ್ರೆಗೆ ನುಗ್ಗಿ ಗಾಯಾಳುಗಳನ್ನೂ ವೈದ್ಯರನ್ನೂ ಕೊಂದಿತ್ತು. ಕಾರಣ ಒಪ್ಪಿದರೂ ಹೋಲಿಕೆ ಒಪ್ಪಲಾಗುವುದಿಲ್ಲ. ಇರುವೆಗೆ ಹಸಿವಿನ ಕಥೆಯಿಲ್ಲ, ಮನೆಯಿಲ್ಲ. ಮೂರು ವಾರದ ಆಹಾರ ಕೊಟ್ಟು ಕಳಿಸಿದ ಸೇನೆ ಮಳೆಯಲ್ಲಿ ಹಿಂದಿರುಗುವಾಗ ಹಸಿವು, ಭೇದಿ, ಜ್ವರಗಳಿಂದ ಸಾಲುಸಾಲಾಗಿ ಸತ್ತಿತು. ಉಳಿದ ಜಪಾನಿಯರು ಆ ಹಾದಿಗೆ ಬಿಳಿ ಮೂಳೆಗಳ ದಾರಿ ಎಂದು ಹೆಸರಿಟ್ಟರು. ಅದರ ಮೇಲೆ ನಡೆದವರು ಮನುಷ್ಯರು.

ಇಲ್ಲಿ ಸಾತೋನ ಪ್ರಸಂಗವನ್ನು ನಿಂತು ನೋಡಬೇಕು. ಕೊಹಿಮಾವನ್ನು ಸುತ್ತುಹಾಕಿ ಮುಂದೆ ಹೋಗಿ ದಿಮಾಪುರದ ಬ್ರಿಟಿಷ್ ಉಗ್ರಾಣಗಳನ್ನು ಹೊಡೆಯಲಿಲ್ಲವೆಂದು ಸ್ಲಿಮ್ ಅವನನ್ನು ಮಂದಬುದ್ಧಿಯವನೆಂಬಂತೆ ಚಿತ್ರಿಸುತ್ತಾರೆ. ಅವನ ಠಾಣೆಯ ಮೇಲೆ ಬಾಂಬು ಹಾಕಬೇಡಿ, ಅವನು ನಮಗೆ ಉಪಕಾರಿ ಎಂದು ವಿಮಾನದವರನ್ನು ತಡೆದ ಕಥೆಯನ್ನು ನಗುತ್ತಾ ಹೇಳುತ್ತಾರೆ. ಯುದ್ಧದ ಲೆಕ್ಕದಲ್ಲಿ ಅದು ಸರಿಯಿರಬಹುದು. ಸ್ಲಿಮ್ಮರದೇ ಅಳತೆಗೋಲು ಹಿಡಿದರೆ ಚಿತ್ರ ಬೇರೆಯಾಗುತ್ತದೆ. ಜೂನ್ ತಿಂಗಳ ಭೇಟಿಯೊಂದರಲ್ಲಿ ಮುತಾಗುಚಿ ಮತ್ತು ಅವನ ಮೇಲಧಿಕಾರಿ ಕವಾಬೆ ಇಬ್ಬರ ಮನಸ್ಸಿನಲ್ಲೂ ದಂಡಯಾತ್ರೆ ನಿಲ್ಲಿಸಬೇಕೆಂಬ ಮಾತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಸ್ಲಿಮ್ಮರ ತೀರ್ಮಾನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅದೇ ಹೊತ್ತಿಗೆ ಸಾತೋ, ಅನ್ನ ಕಳಿಸಿ ಎಂದು ಕೇಳಿ ಕೇಳಿ ಸೋತು, ಆಜ್ಞೆ ಮೀರಿ ತನ್ನ ಸೈನಿಕರನ್ನು ಹಿಂದಕ್ಕೆ ಕರೆದುಕೊಂಡ. ಅದಕ್ಕಾಗಿ ಹುದ್ದೆ ಕಳೆದುಕೊಂಡ. ಲೆಕ್ಕ ತಪ್ಪಿದೆ ಎಂದು ಮೇಲಿನವರ ಮುಖಕ್ಕೆ ಹೇಳಿದ ಸೇನಾಪತಿ ಅವನು. ಜಪಾನಿ ಸೇನಾಪತಿಗಳಲ್ಲಿಲ್ಲ ಎಂದು ಸ್ಲಿಮ್ ದೂರಿದ ಧೈರ್ಯ ಅವರು ನಕ್ಕ ಮನುಷ್ಯನಲ್ಲೇ ಇತ್ತು.

ಎರಡನೆಯದು ಭಾರತದ ಸಂಗತಿ. ಸ್ಲಿಮ್ ನಡೆಸಿದ 14ನೇ ಸೇನೆಯ ಬಹುಪಾಲು ಸೈನಿಕರು ಭಾರತೀಯರು. ಅವರ ಶೌರ್ಯವನ್ನು ಸ್ಲಿಮ್ ಧಾರಾಳವಾಗಿ ಕೊಂಡಾಡುತ್ತಾರೆ, ಆ ಪ್ರೀತಿ ನಿಜವಾದದ್ದು. ಆದರೆ ಜಪಾನಿಯರ ಬದಿಯಲ್ಲಿ ನಿಂತಿದ್ದ, ನೇತಾಜಿಯವರ ಆಜಾದ್ ಹಿಂದ್ ಫೌಜಿನ ಮಾತು ಬಂದಾಗ ಅವರ ಲೇಖನಿ ಅವಸರಪಡುತ್ತದೆ. ಶರಣಾಗಲು ಬಂದವರನ್ನು ತನ್ನ ಭಾರತೀಯ ಮತ್ತು ಗೂರ್ಖಾ ಸೈನಿಕರು ಕೆಲವೊಮ್ಮೆ ಜೀವಸಹಿತ ಹಿಡಿಯಲು ಒಪ್ಪುತ್ತಿರಲಿಲ್ಲ, ಮೃದುವಾಗಿ ನಡೆಸಿಕೊಳ್ಳಿ ಎಂದು ಆಜ್ಞೆ ಹೊರಡಿಸಬೇಕಾಯಿತು ಎಂದಷ್ಟು ಹೇಳಿ ಮುಂದೆ ಹೋಗುತ್ತಾರೆ. ಒಂದೇ ನೆಲದ ಮಕ್ಕಳು ಎರಡು ಬದಿಗೆ ನಿಂತದ್ದೇಕೆ ಎಂದು ಕೇಳುವುದಿಲ್ಲ. ಕೊಡಗಿನ ಒಂದೇ ಮನೆಯಲ್ಲಿ ಈ ಪ್ರಶ್ನೆಯಿತ್ತು. ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ನನ್ನು ಅರಾಕಾನಿನಲ್ಲಿ ಮುನ್ನಡೆಸಿ, 1945ರ ಕಾಂಗಾವ್ ಕಾಳಗದಲ್ಲಿ ಹೆಸರು ಮಾಡಿದರು. ಅವರ ಅಣ್ಣ ಪೊನ್ನಪ್ಪ ನೇತಾಜಿಯವರ ಫೌಜು ಸೇರಿದ್ದರು. ತಮ್ಮ ನಿಷ್ಠ, ಅಣ್ಣ ದ್ರೋಹಿ ಎಂದು ಗೆರೆ ಎಳೆಯಲು ಕೊಡಗಿನವರಿಗೆ ಮನಸ್ಸು ಬಂದೀತೇ? ಬ್ರಿಟಿಷರು–ಜಪಾನಿಯರ ಯುದ್ಧವೆಂದು ನಾವು ಕರೆಯುವ ಕಾಳಗದೊಳಗೆ ಇಂಥ ಇನ್ನೊಂದು ಯುದ್ಧವಿತ್ತು. ಅದನ್ನು ಹೇಳಲು ಸ್ಲಿಮ್ಮರ ಕಣ್ಣು ಸಾಲದು.

ಮೂರನೆಯದು ಯುದ್ಧ ತುಳಿದುಹೋದ ಜನ. 1942ರಲ್ಲಿ ಸುಮಾರು 5 ಲಕ್ಷ ಭಾರತೀಯರು ಬರ್ಮಾ ಬಿಟ್ಟು ಓಡಿಬಂದರು, ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ಸಿಡುಬು ಬಡಿದು ಸಾಯುತ್ತಿದ್ದ ತಾಯಿಯ ಬಾಯಿಗೆ ಹಾಲು ಹನಿಸಲು ಯತ್ನಿಸುತ್ತಿದ್ದ ಪುಟ್ಟ ಮಗನನ್ನು ಸ್ಲಿಮ್ ಕಂಡು ಬರೆದಿದ್ದಾರೆ. ಓದಿದಾಗ ಗಂಟಲು ಕಟ್ಟುತ್ತದೆ. ಆದರೆ ಅವರನ್ನು ಆ ದಾರಿಗೆ ನೂಕಿದ ಸರಕಾರ ಏನು ಸಿದ್ಧತೆ ಮಾಡಿತ್ತು, ಬಿಳಿಯರಿಗೊಂದು ದಾರಿ ಕರಿಯರಿಗೊಂದು ದಾರಿ ಎಂಬ ದೂರು ಭಾರತದಲ್ಲಿ ಏಕೆ ಎದ್ದಿತು ಎಂಬ ವಿಚಾರಣೆ ಆ ಕರುಣೆಯ ಬೆನ್ನಿಗೆ ಬರುವುದಿಲ್ಲ. ಬರ್ಮಾದ ಅಕ್ಕಿ ನಿಂತು, ಶತ್ರುವಿಗೆ ಸಿಗಬಾರದೆಂದು ಬಂಗಾಳದ ಕರಾವಳಿಯ ದೋಣಿ–ದವಸಗಳನ್ನು ಸರಕಾರವೇ ಸೆಳೆದುಕೊಂಡ ಮೇಲೆ, 1943ರ ಕ್ಷಾಮದಲ್ಲಿ 20ರಿಂದ 30 ಲಕ್ಷ ಜನ ಅಳಿದರು. ಸ್ಲಿಮ್ಮರ ಸೇನೆ ಬಲಗೊಂಡದ್ದು ಅದೇ ಬಂಗಾಳದ ಬೆನ್ನ ಮೇಲೆ. ಸೈನಿಕನೊಬ್ಬ ನುಂಗಿದ ಮಾತ್ರೆಗೂ ಲೆಕ್ಕವಿಡುವ ಪುಸ್ತಕದಲ್ಲಿ ಈ ಸಾವುಗಳಿಗೆ ತಕ್ಕ ಜಾಗ ಸಿಗಲಿಲ್ಲ. ಗಾಯಾಳುಗಳನ್ನು ಹೊತ್ತ, ದಾರಿ ತೋರಿದ ನಾಗಾ ಜನರನ್ನು ಸ್ಲಿಮ್ ಬಾಯ್ತುಂಬ ಹೊಗಳುತ್ತಾರೆ. ಯಾರದೋ ಯುದ್ಧದಲ್ಲಿ ಅವರ ಊರುಗಳು ಉರಿದುಹೋದ ನೋವು ಆ ಹೊಗಳಿಕೆಯ ಕೆಳಗೆ ಮುಚ್ಚಿಹೋಗುತ್ತದೆ.

ಸ್ಲಿಮ್ಮರಿಗೆ ಎದುರಿನವನ ಮನಸ್ಸು ಕಾಣುವ ಶಕ್ತಿ ಇರಲಿಲ್ಲವೆಂದು ಹೇಳಲಾರೆ. 1945ರ ಮೇ ತಿಂಗಳಲ್ಲಿ ಜಪಾನಿ ಸಮವಸ್ತ್ರದಲ್ಲೇ ಬಂದ ಬರ್ಮಾದ ಯುವ ನಾಯಕ ಔಂಗ್ ಸಾನ್‌ಗೆ, ನಾವು ಗೆಲ್ಲುತ್ತಿರುವುದರಿಂದ ಬಂದಿದ್ದೀರಿ ಎಂದು ಸ್ಲಿಮ್ ಚುಚ್ಚಿದರು. ಸೋಲುವವರ ಬಳಿ ಬಂದು ಪ್ರಯೋಜನವೇನು ಎಂದು ಅವನು ನೇರವಾಗಿ ಉತ್ತರಿಸಿದ. ಆ ಪ್ರಾಮಾಣಿಕತೆ ಸ್ಲಿಮ್ಮರಿಗೆ ಹಿಡಿಸಿತು. ಅವನ ದೇಶಪ್ರೇಮವನ್ನು ಅರಿತು, ಗೌರವದಿಂದ ಚಿತ್ರಿಸಿದರು. ಮುಖಾಮುಖಿ ಕೂತವನನ್ನು ಅವರು ಅರ್ಥಮಾಡಿಕೊಂಡರು. ಎದುರು ಕೂರುವ ಅವಕಾಶವೇ ಸಿಗದ ಪೊನ್ನಪ್ಪನಂಥವರು, ಬಂಗಾಳದ ರೈತರು, ಹಸಿದ ಜಪಾನಿ ಸಿಪಾಯಿಗಳು ಪುಸ್ತಕದ ಅಂಚಿನಲ್ಲೇ ಉಳಿದರು.

ಕೊನೆಯಲ್ಲಿ ಸ್ಲಿಮ್ ಶರಣಾದ ಜಪಾನಿ ಅಧಿಕಾರಿಗಳು ಕತ್ತಿ ಒಪ್ಪಿಸಲೇಬೇಕೆಂದು ಹಟ ಹಿಡಿಯುತ್ತಾರೆ. ಜಪಾನಿ ಸೇನಾಪತಿ ಕಿಮುರಾನ ಕತ್ತಿ ಈಗ ತನ್ನ ಮನೆಯ ಬೆಂಕಿಗೂಡಿನ ಮೇಲಿದೆ ಎಂದು ಬರೆಯುತ್ತಾರೆ. ನನಗೆ ಅದಕ್ಕಿಂತ ಕೊಹಿಮಾದ ಸ್ಮಶಾನ ಹೆಚ್ಚು ಮಾತಾಡುತ್ತದೆ. ಟೆನಿಸ್ ಅಂಗಳದ ಗೆರೆಗಳನ್ನು ಇಂದಿಗೂ ಉಳಿಸಿಕೊಂಡಿರುವ ಆ ಬೆಟ್ಟದ ಇಳಿಜಾರಿನಲ್ಲಿ 1,420 ಸಮಾಧಿಗಳಿವೆ, ತಮ್ಮ ಧರ್ಮದಂತೆ ದಹನಗೊಂಡ 917 ಹಿಂದೂ, ಸಿಖ್ ಸೈನಿಕರ ಸ್ಮಾರಕವಿದೆ. ತನ್ನೆರಡು ತಪ್ಪಿಗೆ ಇಂಥವರು ಬೆಲೆ ತೆತ್ತರೆಂದು ಬರೆಯುವ ಎದೆಗಾರಿಕೆ ಸ್ಲಿಮ್ಮರಿಗಿತ್ತು. ಅದಕ್ಕಾಗಿ ಈ ಪುಸ್ತಕವನ್ನು ಓದಲೇಬೇಕು. ಓದುವಾಗ ಅವರ ಅಳತೆಗೋಲನ್ನು ನಾವೂ ಕೈಯಲ್ಲಿ ಹಿಡಿದಿರಬೇಕು. ಅವರು ಅಳೆಯದೆ ಬಿಟ್ಟ ಸಾವುಗಳು ಹೆಚ್ಚಾಗಿ ನಮ್ಮವರವು. ಅವುಗಳ ಲೆಕ್ಕವನ್ನು ಅವರಷ್ಟೇ ನೇರವಾಗಿ ಬರೆಯುವ ಕೆಲಸ ನಮ್ಮ ಮೇಲಿದೆ.